ಉದ್ದದ ಕೊಳವೆಗೆ ಬೋರಿಂಗ್: ಸಣ್ಣ ಲೇಥಿನಲ್ಲಿ ನನ್ನ ಅನುಭವ

ಮಾದರಿ ಉಗಿಯಂತ್ರವೊಂದರ ಸಿಲಿಂಡರಿಗಾಗಿ 120 ಮಿ.ಮೀ. ಉದ್ದ, 50 ಮಿ.ಮೀ. ಹೊರವ್ಯಾಸದ ಎರಕದ ಕಬ್ಬಿಣದ ಕೊಳವೆಯ ಒಳವ್ಯಾಸವನ್ನು ಲೇಥಿನಲ್ಲಿ ಬೋರಿಂಗ್ ಮಾಡಿ, ಅಂದರೆ ರಂಧ್ರವನ್ನು ಒಳಗಿನಿಂದ ಕೊರೆದು ಹಿಗ್ಗಿಸಿ, 38ರಿಂದ 40 ಮಿ.ಮೀ.ಗೆ ತರಬೇಕಿತ್ತು. ಒಂದು ತುದಿಯನ್ನು ಚಕ್ಕಿನಲ್ಲಿ (ಕೆಲಸದ ತುಂಡನ್ನು ಕಚ್ಚಿ ತಿರುಗಿಸುವ ಹಿಡಿಕೆ) ಹಿಡಿದು ಬೋರ್ ಮಾಡುವ ರೂಢಿಯ ಕ್ರಮದಲ್ಲಿ ಟೂಲ್‌ಪೋಸ್ಟಿನಿಂದ ಉದ್ದಕ್ಕೆ ಚಾಚಿದ ಬಾರು, ಅಂದರೆ ಕೊರೆಯುವ ಟೂಲನ್ನು ಹೊತ್ತ ಸರಳು, ಅದುರುತ್ತದೆ. ಅದಕ್ಕಿಂತ ಮುಖ್ಯವಾಗಿ, ಚಕ್ಕನ್ನು ತಿರುಗಿಸುವ ಸ್ಪಿಂಡಲ್ ಲೇಥಿನ ಹಳಿಯಾದ ಬೆಡ್ಡಿಗೆ ಸಮಾನಾಂತರವಾಗಿಲ್ಲದಿದ್ದರೆ ಆ ದೋಷ ನೇರವಾಗಿ ಟೇಪರಾಗಿ (ರಂಧ್ರ ಒಂದು ತುದಿಯಲ್ಲಿ ಅಗಲ, ಇನ್ನೊಂದರಲ್ಲಿ ಕಿರಿದು) ಇಳಿಯುತ್ತದೆ. ಆದ್ದರಿಂದ ಕೊಳವೆಯನ್ನು ಬೆಡ್ಡಿನ ಉದ್ದಕ್ಕೂ ಸರಿಯುವ ಸ್ಯಾಡಲ್ ಮೇಲೆ ಬಿಗಿದು, ಬಾರನ್ನೇ ಲೇಥಿನ ಎರಡು ತುದಿಯ ಮೊನೆಗಳಾದ ಸೆಂಟರುಗಳ ನಡುವೆ ತಿರುಗಿಸಿದೆ.

ಈ ಕ್ರಮದ ಸೊಗಸು ಇರುವುದೇ ಇಲ್ಲಿ. ಸೆಂಟರುಗಳ ಸಾಲು ಬೆಡ್ಡಿಗೆ 300 ಮಿ.ಮೀ. ಉದ್ದಕ್ಕೆ 0.2 ಮಿ.ಮೀ. ಅಡ್ಡ ಓರೆ ಇದೆ ಎಂದುಕೊಳ್ಳೋಣ. ಚಕ್ಕಿನ ಕ್ರಮದಲ್ಲಿ ಅಷ್ಟೇ ಓರೆಯಿಂದ ನನ್ನ ಕೊಳವೆಯ ಎರಡು ತುದಿಗಳ ವ್ಯಾಸದಲ್ಲಿ 0.16 ಮಿ.ಮೀ. ವ್ಯತ್ಯಾಸ ಬರುತ್ತದೆ. ತಿರುಗುವ ಬಾರಿನಲ್ಲಿ ಟೂಲ್ ಬಿಟ್ ಒಂದೇ ಜಾಗದಲ್ಲಿದ್ದು ಒಂದೇ ಅಳತೆಯ ವೃತ್ತ ಬರೆಯುವುದರಿಂದ ಟೇಪರ್ ಬರುವುದಿಲ್ಲ. ರಂಧ್ರ ಕೊಂಚ ಅಂಡಾಕಾರವಾಗುತ್ತದಾದರೂ ಅದು ನಮ್ಮ ಯಾವ ಮೈಕ್ರೋಮೀಟರಿಗೂ ಸಿಗದಷ್ಟು ಸೂಕ್ಷ್ಮ.

ಸೆಂಟರುಗಳ ನಡುವೆ 350 ಮಿ.ಮೀ. ಅಂತರವಿರುವ ಲೇಥಿಗೆ 25 ಮಿ.ಮೀ. ದಪ್ಪ, 300 ಮಿ.ಮೀ. ಉದ್ದದ ಉಕ್ಕಿನ ಬಾರನ್ನು ಮಾಡಿಕೊಂಡೆ. ಕೊಳವೆ ಟೂಲಿನ ಎರಡೂ ಬದಿಗೆ ಪೂರ್ತಿ ಸರಿಯಬೇಕಾದ್ದರಿಂದ ಬಾರು ಕೊಳವೆಯ ಎರಡರಷ್ಟಕ್ಕಿಂತ ಉದ್ದವಿರಲೇಬೇಕು. ನಡುವೆ ಅಡ್ಡ ತೂತಿನಲ್ಲಿ ಟೂಲ್ ಬಿಟ್, ಅದರ ಹಿಂದೆ ಮುಂದಕ್ಕೆ ತಳ್ಳಲು ಎಂ6 (6 ಮಿ.ಮೀ. ವ್ಯಾಸದ) ಗ್ರಬ್ ಸ್ಕ್ರೂ ಎಂಬ ತಲೆಯಿಲ್ಲದ ತಿರುಪು, ಬದಿಯಿಂದ ಬಿಗಿಯಲು ಮತ್ತೊಂದು. ಎಂ6ರ ಪಿಚ್, ಅಂದರೆ ಒಂದು ಸುತ್ತಿಗೆ ಅದು ಮುಂದೆ ಸರಿಯುವ ದೂರ, 1 ಮಿ.ಮೀ.; ಹಾಗಾಗಿ ಒಂದು ಪೂರ್ಣ ಸುತ್ತಿಗೆ ವ್ಯಾಸ 2 ಮಿ.ಮೀ. ಹೆಚ್ಚುತ್ತದೆ. ಅಂದಾಜಿಗೆ ಅಷ್ಟು ಸಾಕು, ಆದರೆ ಅಂತಿಮ ಅಳತೆಗೆ ಮೈಕ್ರೋಮೀಟರೇ ಬೇಕು: ಟೂಲಿನ ತುದಿಯಿಂದ ಬಾರಿನ ಎದುರು ಮೈಗೆ ಅಳೆದು, ಆ ಅಳತೆಯ ಎರಡರಷ್ಟರಿಂದ ಬಾರಿನ ವ್ಯಾಸ ಕಳೆದರೆ ರಂಧ್ರದ ವ್ಯಾಸ ಸಿಗುತ್ತದೆ. 40 ಮಿ.ಮೀ.ಗೆ ಅದು 32.5 ಮಿ.ಮೀ.

ಕೊಳವೆಯನ್ನು ಹಿಡಿಯಲು ಎರಡು ಅಲ್ಯೂಮಿನಿಯಂ ಬ್ಲಾಕುಗಳನ್ನು ಸ್ಯಾಡಲಿನ ಮೇಲೆ ಅಡ್ಡಲಾಗಿ ಸರಿಯುವ ಕ್ರಾಸ್ ಸ್ಲೈಡಿಗೆ ಬೋಲ್ಟ್ ಮಾಡಿ, ಸ್ಲೈಡ್ ಕದಲದಂತೆ ಅದರ ಗಿಬ್ (ಸಡಿಲ ಹೊಂದಿಸುವ ಪಟ್ಟಿ) ಬಿಗಿಗೊಳಿಸಿ, ಅದೇ ಬಾರಿನಿಂದ ಅವುಗಳಲ್ಲಿ 50 ಮಿ.ಮೀ. ರಂಧ್ರ ಕೊರೆದೆ. ಇದರಿಂದ ಸೆಂಟರಿನ ಎತ್ತರ ಹೊಂದಿಸುವ ಕೆಲಸವೇ ಉಳಿಯಲಿಲ್ಲ. ಬಳಿಕ ಬ್ಲಾಕುಗಳ ಸ್ಥಾನ ಗುರುತಿಟ್ಟು, ಬಿಚ್ಚಿ, ನಡುವೆ ಅಡ್ಡಲಾಗಿ ಗರಗಸದಿಂದ ಸೀಳಿದೆ. ಗರಗಸ ತಿಂದಷ್ಟು ಸಂದು ಬಿಗಿಯಲು ಅವಕಾಶ ಕೊಡುತ್ತದೆ. ತೆಳುಗೋಡೆಯ ಕೊಳವೆಯನ್ನು ಅತಿಯಾಗಿ ಬಿಗಿದರೆ ಬಿಚ್ಚಿದ ಮೇಲೆ ದುಂಡುತನ ಕೆಡುತ್ತದೆ. ಆದ್ದರಿಂದ ಒರಟು ಕಟ್ ಮುಗಿದೊಡನೆ ಕ್ಲಾಂಪ್ ಸಡಿಲಿಸಿ, ಕೊಳವೆ ತಣ್ಣಗಾಗಲು ಬಿಟ್ಟು, ಜಾರದಿರುವಷ್ಟು ಮಾತ್ರ ಮತ್ತೆ ಬಿಗಿದೆ.

ಎರಕದ ಕಬ್ಬಿಣವನ್ನು ಒಣಗಿಯೇ ಕೊರೆದೆ. ಅದರ ಪುಡಿ ಎಣ್ಣೆಯೊಂದಿಗೆ ಬೆರೆತು ಬೆಡ್ಡನ್ನು ಸವೆಸುವುದರಿಂದ ರಟ್ಟು ಹಾಸಿದ್ದೆ. ತಿರುಗುವ ಬಾರಿನ ಹತ್ತಿರ ಬಟ್ಟೆ ಇರಕೂಡದು. ಬಾರಿನ ಇನ್ನೊಂದು ತುದಿಗೆ ಆಸರೆಯಾದ ಟೈಲ್‌ಸ್ಟಾಕ್ ಸೆಂಟರಿಗೆ ಗ್ರೀಸ್ ಹಚ್ಚಿ, ಬಾರು ಬಿಸಿಯಾಗಿ ಹಿಗ್ಗಿದಾಗಲೆಲ್ಲ ಅದರ ಬಿಗಿಯನ್ನು ಸರಿಪಡಿಸುತ್ತಿದ್ದೆ. ಕೊನೆಯ ಕಟ್ ಆದ ಮೇಲೆ ಟೂಲನ್ನು ಮುಟ್ಟದೆ ಅದೇ ಅಳತೆಯಲ್ಲಿ ಇನ್ನೊಮ್ಮೆ ಹಾಯಿಸಿದಾಗ ಸಣ್ಣನೆಯ ಪುಡಿ ಉದುರಿತು. ಕಟ್‌ನ ಒತ್ತಡಕ್ಕೆ ಬಾರಿನಲ್ಲಿ ಉಳಿದಿದ್ದ ಬಾಗು ಹಾಗೆ ಹೊರಬಂತು. ಕೊಳವೆ ಸ್ಪಿಂಡಲ್ ಇರುವ ಹೆಡ್‌ಸ್ಟಾಕ್ ಕಡೆ ಇರುವಾಗ ಕ್ಯಾರಿಯರ್ (ಬಾರಿಗೆ ತಿರುಗು ಕೊಡುವ ಹಿಡಿ) ಕಳಚಿ ಬಾರನ್ನು ಟೈಲ್‌ಸ್ಟಾಕ್ ಕಡೆಗೆ ಎಳೆದುಕೊಂಡರೆ, ಕೊಳವೆಯನ್ನು ಕದಲಿಸದೆ ಟೆಲಿಸ್ಕೋಪಿಕ್ ಗೇಜಿನಿಂದ (ರಂಧ್ರದೊಳಗೆ ಚಾಚಿಕೊಂಡು ಒಳವ್ಯಾಸ ಹಿಡಿಯುವ ಉಪಕರಣ) ಎರಡು ತುದಿ ಮತ್ತು ನಡುವನ್ನು ಅಳೆಯಬಹುದು. ಮೂರೂ ಕಡೆ ಗೇಜ್ ಒಂದೇ ಬಿಗಿಯಲ್ಲಿ ಕುಳಿತಿತು.