ಎರಡೆಕರೆ ಬಿಟ್ಟು ಅರ್ಧ ಎಕರೆಗೆ ಇಳಿದದ್ದು

2021ರ ನವೆಂಬರಿನಲ್ಲಿ ನಮ್ಮ ಕೋಲಾರದ ಕಡೆ ಮಳೆ ಬಿಡಲೇ ಇಲ್ಲ. ನನ್ನದು ಎರಡೆಕರೆ ಟೊಮೆಟೊ, ಮೊದಲ ಕೊಯ್ಲಿಗೆ ಒಂದು ವಾರ ಬಾಕಿ. ಸಾಲುಗಳಲ್ಲಿ ನೀರು ನಿಂತು ಬೇರು ಕೊಳೆಯಿತು, ಉಳಿದದ್ದನ್ನು ಅಂಗಮಾರಿ ರೋಗ ತಿಂದಿತು. ಪೇಟೆಯಲ್ಲಿ ಹಣ್ಣಿಗೆ ಚಿನ್ನದ ರೇಟು, ಹೊಲದಲ್ಲಿ ಬರೀ ಗಿಡಕ್ಕೆ ಆಸರೆಯಾಗಿ ನೆಟ್ಟ ನೀಲಗಿರಿ ಕಡ್ಡಿ. ಆ ಸಾಲ ತೀರಿಸುವಾಗಲೇ ನಾನು ಲೆಕ್ಕ ಬರೆಯಲು ಕೂತದ್ದು, ಅಲ್ಲಿಯವರೆಗೆ ಎಲ್ಲ ಬಾಯಿಲೆಕ್ಕ.

ಬರೆದಾಗ ಕಂಡದ್ದು ಇಷ್ಟು: ನಾನು 15 ಕೆ.ಜಿ. ಬಾಕ್ಸಿಗೆ ಏನು ರೇಟು ಸಿಕ್ಕಿತೆಂದು ನೆನಪಿಟ್ಟಿದ್ದೆ, ಆ ಬಾಕ್ಸು ಬೆಳೆಯಲು ಎಷ್ಟು ಖರ್ಚು ಬಿತ್ತೆಂದು ಒಮ್ಮೆಯೂ ನೋಡಿರಲಿಲ್ಲ. ರೇಟು ಹರಾಜು ಕೂಗುವವನ ಬಾಯಲ್ಲಿರುತ್ತದೆ. ಖರ್ಚಿನಲ್ಲಾದರೂ ಕೈಯಾಡಿಸಬಹುದಲ್ಲ.

ಮೊದಲು ಎರಡೆಕರೆಯನ್ನು ಅರ್ಧರ್ಧ ಎಕರೆಯ ನಾಲ್ಕು ತುಂಡು ಮಾಡಿದೆ. ಒಂದು ಸಲಕ್ಕೆ ಒಂದರಲ್ಲಿ ಮಾತ್ರ ಟೊಮೆಟೊ. ಉಳಿದವುಗಳಲ್ಲಿ ರಾಗಿ, ಅವರೆ, ಜೋಳ. ಬದನೆ, ಮೆಣಸಿನಕಾಯಿ, ಆಲೂಗಡ್ಡೆಯನ್ನು ಆ ಸರದಿಗೆ ಸೇರಿಸಲಿಲ್ಲ. ಅವೆಲ್ಲ ಟೊಮೆಟೊದ ದಾಯಾದಿಗಳೇ, ಸೊರಗು ರೋಗವನ್ನು ಮಣ್ಣಲ್ಲಿ ಸಾಕುತ್ತವೆ. ಏರುಮಡಿ ಒಂದಡಿ ಎತ್ತರ, ಸುತ್ತ ಬಸಿಗಾಲುವೆ. ಮೇಲೆ ಮಣ್ಣು ಮುಚ್ಚಲು ಬೆಳ್ಳಿ ಬಣ್ಣದ ಮಲ್ಚಿಂಗ್ ಶೀಟು. ಆ ಹೊಳಪಿಗೆ ಬಿಳಿನೊಣ ಹೆದರುತ್ತದೆ, ಎಲೆ ಮುರುಟು ರೋಗ ತರುವುದು ಅದೇ ತಾನೆ. ನಾಟಿಗೆ ಮೂರು ವಾರ ಮುಂಚೆ ಸುತ್ತಲೂ ಎರಡು ಸಾಲು ಮುಸುಕಿನ ಜೋಳ ಹಾಕುತ್ತೇನೆ. ಬಿಸಿಗಾಳಿಗೂ ತಡೆ, ನೊಣಕ್ಕೂ ಅಡ್ಡ, ಹಸುವಿಗೂ ಮೇವು.

ತಳಿಯಲ್ಲಿ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ಅರ್ಕಾ ರಕ್ಷಕ್ ಹಿಡಿದೆ. ಎಲೆ ಮುರುಟು, ಸೊರಗು, ಬೇಗ ತಗಲುವ ಅಂಗಮಾರಿ ಮೂರನ್ನೂ ತಡೆಯುತ್ತದೆ ಎಂದರೆ ಔಷಧಿ ಪೂರ್ತಿ ನಿಂತಿತು ಅಂತಲ್ಲ, ಕಮ್ಮಿಯಾಯಿತು. ಕಾಯಿಕೊರಕ ಹುಳುವಿಗೆ ಆ ಸಂಸ್ಥೆಯವರೇ ಹೇಳುವ ಚೆಂಡುಹೂವಿನ ಉಪಾಯ: 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂ. ಟೊಮೆಟೊ ಸಸಿ 25 ದಿನದ್ದಾದರೆ ಹೂವಿನ ಸಸಿ 40 ದಿನದ್ದಿರಬೇಕು, ಆಗ ಎರಡೂ ಒಟ್ಟಿಗೆ ಹೂ ಬಿಡುತ್ತವೆ, ಆ ಹುಳುವಿನ ಪತಂಗ ಮೊಟ್ಟೆ ಇಡಲು ಚೆಂಡುಹೂವನ್ನೇ ಹುಡುಕುತ್ತದೆ. ಮೊದಲ ವರ್ಷ ಎರಡನ್ನೂ ಒಂದೇ ವಯಸ್ಸಿಗೆ ನೆಟ್ಟು, ‘ಇದೆಲ್ಲ ಪುಸ್ತಕದ ಮಾತು’ ಎಂದು ಬೈದವನು ನಾನೇ.

ಬಿಸಿಲಿನ ವಿಷಯ ಬೇರೆ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ತಣಿಯದಿದ್ದರೆ ಪರಾಗ ಸತ್ತು ಹೂ ಉದುರುತ್ತದೆ. ಅದಕ್ಕೆ ಬಾಟಲಿಗಟ್ಟಲೆ ಹೊಡೆದು ನೋಡಿದ್ದೇನೆ, ಉದುರುವ ಹೂ ಉದುರಿಯೇ ತೀರುತ್ತದೆ. ಈಗ ತಾರೀಖನ್ನೇ ಸರಿಸಿದ್ದೇನೆ. ಜನವರಿ ಮಧ್ಯದಲ್ಲಿ ನೆಟ್ಟರೆ ಫೆಬ್ರವರಿಗೆ ಹೂ. ಆಮೇಲೆ ಮೇ ಮೊದಲ ವಾರದವರೆಗೆ ನಾಟಿಯೇ ಇಲ್ಲ. ಆಗ ನೆಟ್ಟದ್ದು ಜೂನಿನ ಮೋಡದಡಿ ಹೂ ಬಿಟ್ಟು ಜುಲೈಗೆ ಹಣ್ಣಾಗುತ್ತದೆ.

ನೀರಿನದು ಇನ್ನೊಂದು ಕಥೆ. ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತಿತ್ತು, ಅಂಗಡಿಯವರು ಶಿಲೀಂಧ್ರನಾಶಕ ಕೊಟ್ಟರು, ಮೂರು ಸಲ ಹೊಡೆದೆ. ಕಾರಣ ಶಿಲೀಂಧ್ರವಲ್ಲ. ಪಂಪು ಓಡಿಸುವ ತ್ರೀಫೇಸ್ ಕರೆಂಟು ಬಂದ ರಾತ್ರಿ ಗಿಡ ತೊಯ್ದು ತೊಪ್ಪೆ, ಬರದ ದಿನ ಒಣಕಲು. ಹೀಗೆ ಏರುಪೇರಾದರೆ ಕಾಯಿಗೆ ಬೇಕಾದ ಸುಣ್ಣದಂಶ (ಕ್ಯಾಲ್ಸಿಯಂ) ಮಣ್ಣಲ್ಲಿದ್ದರೂ ಕಾಯಿಯ ತುದಿಗೆ ತಲುಪುವುದಿಲ್ಲ. ಕೃಷಿಹೊಂಡಕ್ಕೆ ಶೀಟು ಹಾಸಿ ರಾತ್ರಿ ಬೋರ್‌ನೀರು ತುಂಬಿ, ಬೆಳಿಗ್ಗೆ ಸಂಜೆ ಸ್ವಲ್ಪಸ್ವಲ್ಪ ಡ್ರಿಪ್ ಕೊಟ್ಟ ಮೇಲೆ ತುದಿಕೊಳೆ ಬಹುಪಾಲು ಹೋಯಿತು. ಬೋರು ಸಾವಿರ ಅಡಿ ಇಳಿದ ಊರಲ್ಲಿ ನೀರು ಉಳಿದದ್ದು ಬೇರೆ.

2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ ಬಾಕ್ಸು ಎರಡು ಸಾವಿರ ದಾಟಿದಾಗ ನನ್ನಲ್ಲಿದ್ದದ್ದು ಅದೇ ಅರ್ಧ ಎಕರೆ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳು. ಮನೆಯಲ್ಲೂ ಎರಡು ದಿನ ಮಾತು ಬಿಗಿಯಾಗಿತ್ತು. ಆ ರೇಟು ನೋಡಿ ಸುತ್ತಮುತ್ತ ಎಲ್ಲರೂ ನೆಟ್ಟರು, ಸೆಪ್ಟೆಂಬರಿಗೆ ಕೊಯ್ಲಿನ ಕೂಲಿಯೂ ಹುಟ್ಟದೆ ಕೆಲವರು ಹಣ್ಣನ್ನು ಗಿಡದಲ್ಲೇ ಬಿಟ್ಟರು. ನಾನು ಆಗ ರಾಗಿಯಲ್ಲಿ ಕಳೆ ಕೀಳುತ್ತಿದ್ದೆ.

ಅರ್ಧ ಎಕರೆಯನ್ನು ಮುಕ್ಕಾಲು ಮಾಡೋಣವೆಂದು ಮಗ ಹೇಳುತ್ತಿದ್ದಾನೆ. ಹೊಂಡದ ನೀರು ಅಷ್ಟಕ್ಕೆ ಸಾಲುತ್ತದೆಯೇ ಎಂದು ಈ ಬೇಸಿಗೆ ಅಳೆದು ನೋಡಬೇಕು.