ವೆಲಿಕಿ ನೊವ್ಗೊರೊಡ್‌ಗೆ ಹೋದರೆ ಗೋಡೆಗಳನ್ನು ನೋಡಿ

ನಾನು ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುವವಳು. ಯಾವ ಊರಿಗೆ ಹೋದರೂ ಕಣ್ಣು ಮೊದಲು ಗೋಡೆಯ ಕಡೆಗೇ ಹೋಗುತ್ತದೆ. ರಷ್ಯಾದಲ್ಲಿ ನನ್ನ ಮನಸ್ಸು ಪೂರ್ತಿ ತುಂಬಿದ್ದು ವೆಲಿಕಿ ನೊವ್ಗೊರೊಡ್‌ನಲ್ಲಿ, ಅಲ್ಲಿನ ಹಳೆಯ ಚರ್ಚುಗಳ ಗೋಡೆಚಿತ್ರ ನೋಡಿ. ಹೆಚ್ಚಿನವರು ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಬೆಳಿಗ್ಗೆ ಬಂದು ಸಂಜೆಗೆ ಹೊರಟುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ, ಒಂದು ರಾತ್ರಿಯಾದರೂ ಉಳಿಯಿರಿ. ಅದಕ್ಕೆ ಕಾರಣ ಮಳೆ. ಮುಂದೆ ಹೇಳುತ್ತೇನೆ.

ಟಿಕೆಟ್ ತೆಗೆಯುವಾಗ ಹೆಸರು ಸರಿಯಾಗಿ ನೋಡಿ. ನಿಜ್ನಿ ನೊವ್ಗೊರೊಡ್ ಬೇರೆಯೇ ಊರು, ಮಾಸ್ಕೋದಿಂದ ಪೂರ್ವಕ್ಕೆ ಸುಮಾರು 400 ಕಿ.ಮೀ. ದೂರದಲ್ಲಿದೆ. ನಮಗೆ ಬೇಕಾದ ರೈಲು ಪೀಟರ್ಸ್‌ಬರ್ಗ್‌ನ ಮಾಸ್ಕೋವ್‌ಸ್ಕಿ ನಿಲ್ದಾಣದಿಂದ ಹೊರಡುವ ಲಾಸ್ತೊಚ್ಕಾ. ಸುಮಾರು ಮೂರು ಗಂಟೆಯ ಪ್ರಯಾಣ. ಇಳಿದ ಮೇಲೆ ಕೋಟೆಯವರೆಗೆ ಆರಾಮಾಗಿ ನಡೆದೇ ಹೋಗಬಹುದು. ರಷ್ಯಾದ ಹೊರಗಿನ ಬ್ಯಾಂಕುಗಳು ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಯ ಕಾರ್ಡುಗಳು 2022ರ ಮಾರ್ಚ್‌ನಿಂದ ಅಲ್ಲಿ ನಡೆಯುವುದಿಲ್ಲ. ಪೀಟರ್ಸ್‌ಬರ್ಗ್‌ನಲ್ಲೇ ಬ್ಯಾಂಕಿಗೆ ಹೋಗಿ ಡಾಲರ್ ಅಥವಾ ಯೂರೋ ಕೊಟ್ಟು ರೂಬಲ್ ತೆಗೆದುಕೊಳ್ಳಿ.

ವೋಲ್ಖೊವ್ ನದಿ ಊರನ್ನು ಎರಡು ಭಾಗ ಮಾಡಿದೆ. ಪಶ್ಚಿಮದ ದಡದಲ್ಲಿ ಕೋಟೆ, ಪೂರ್ವದ ದಡದಲ್ಲಿ ಹಳೆಯ ವ್ಯಾಪಾರದ ಕಡೆ. ನಡುವೆ ಕಾಲ್ಸೇತುವೆ ಇದೆ. ಕೋಟೆಯ ಕೆಂಪು ಗೋಡೆಯ ಫೋಟೋ ಬೇಕಾದರೆ ಬೆಳಿಗ್ಗೆಯೇ ಪೂರ್ವದ ದಡಕ್ಕೆ ಹೋಗಿ. ಆಗ ಬಿಸಿಲು ನೇರವಾಗಿ ಗೋಡೆಯ ಮೇಲೆ ಬೀಳುತ್ತದೆ.

ಆಮೇಲೆ ಕೋಟೆಯೊಳಗಿನ ಮ್ಯೂಸಿಯಂ. ಇಲ್ಲಿ ಬರ್ಚ್ ಮರದ ತೊಗಟೆಯ ಮೇಲೆ ಕೊರೆದ ಓಲೆಗಳಿವೆ. ಮೊದಲನೆಯದು ಸಿಕ್ಕಿದ್ದು 1951ರಲ್ಲಿ, ಈಗ ಸಾವಿರ ದಾಟಿವೆ. ಒದ್ದೆ ಮಣ್ಣಿನೊಳಗೆ ಗಾಳಿ ಆಡದ ಕಾರಣ ಅವು ಕೊಳೆಯದೆ ಉಳಿದವು. ಸಾಲದ ಲೆಕ್ಕ, ಮನೆ ಜಗಳ, ಮದುವೆಯ ಮಾತು, ಎಲ್ಲವೂ ಇವೆ. 13ನೇ ಶತಮಾನದ ಒನ್‌ಫಿಮ್ ಎಂಬ ಪುಟ್ಟ ಹುಡುಗ ಅಕ್ಷರ ತಿದ್ದುತ್ತಾ ತಿದ್ದುತ್ತಾ ಕುದುರೆ ಸವಾರನ ಚಿತ್ರ ಬರೆದ ತೊಗಟೆಯೂ ಈ ಊರಿನ ಮಣ್ಣಲ್ಲೇ ಸಿಕ್ಕಿದ್ದು. ನನ್ನ ತರಗತಿಯ ಮಕ್ಕಳೂ ಹಾಗೇ ಬರೆಯುತ್ತಾರೆ. ಇದನ್ನು ಮೊದಲು ನೋಡಿ ಅಂತ ಹೇಳುವುದು ಸುಮ್ನೆ ಅಲ್ಲ. ಆ ಚರ್ಚುಗಳಲ್ಲಿ ನಿಂತಿದ್ದ ಜನ ಯಾರು ಅಂತ ಗೊತ್ತಾದ ಮೇಲೆ ಗೋಡೆ ನೋಡುವ ಕಣ್ಣೇ ಬೇರೆ.

ಸಂತ ಸೋಫಿಯಾ ಕ್ಯಾಥೆಡ್ರಲ್ ಪಕ್ಕದಲ್ಲೇ ಇದೆ. 1045ರಿಂದ 1050ರ ನಡುವೆ ಕಟ್ಟಿದ್ದು. ಒಳಗೆ ಹೋಗುವ ಮುಂಚೆ ಪಶ್ಚಿಮದ ಬದಿಗೆ ಬನ್ನಿ. ಅಲ್ಲಿ 12ನೇ ಶತಮಾನದಲ್ಲಿ ಮ್ಯಾಗ್ಡೆಬರ್ಗ್‌ನಲ್ಲಿ ಎರಕ ಹೊಯ್ದ ಕಂಚಿನ ಬಾಗಿಲಿದೆ. ಬೈಬಲ್ಲಿನ ದೃಶ್ಯಗಳನ್ನು ನೋಡುತ್ತಾ ಕೆಳಗಿನವರೆಗೆ ಬನ್ನಿ. ಅಲ್ಲಿ ಕೆಲಸ ಮಾಡಿದ ಕುಶಲಕರ್ಮಿಗಳೇ ಕೈಯಲ್ಲಿ ಸಲಕರಣೆ ಹಿಡಿದು ನಿಂತಿದ್ದಾರೆ, ಹೆಸರು ಸಮೇತ. ಅವರಲ್ಲಿ ಒಬ್ಬ ಅವ್ರಾಮ್, ಇಲ್ಲಿನವನೇ.

ಇದು ಪೂಜೆ ನಡೆಯುವ ಚರ್ಚು. ಹೆಂಗಸರು ತಲೆಗೆ ಬಟ್ಟೆ ಹಾಕಿಕೊಳ್ಳಬೇಕು, ಗಂಡಸರು ಟೋಪಿ ತೆಗೆಯಬೇಕು. ಭುಜ, ಮೊಣಕಾಲು ಮುಚ್ಚಿರಲಿ. ಕೂರಲು ಬೆಂಚುಗಳ ಸಾಲು ಇರುವುದಿಲ್ಲ, ಎಲ್ಲರೂ ನಿಂತೇ ಇರುತ್ತಾರೆ. ಪ್ರಾರ್ಥನೆ ನಡೆಯುವಾಗ ಓಡಾಡಬೇಡಿ, ಒಂದು ಕಡೆ ನಿಂತು ಹಾಡು ಕೇಳಿ. ವಾದ್ಯ ಇಲ್ಲ, ಬರೀ ಕಂಠ. ದಕ್ಷಿಣದ ಬದಿಯಲ್ಲಿ ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಮತ್ತು ಅವನ ತಾಯಿ ಹೆಲೆನಾ ಅವರ ಹಳೆಯ ಚಿತ್ರವನ್ನು ಹುಡುಕಿ. ಎಷ್ಟು ತಿಳಿಯಾದ ಬಣ್ಣ!

ಈಗ ಸೇತುವೆ ದಾಟಿ. ದಾರಿಯಲ್ಲಿ 1113ರ ಸಂತ ನಿಕೊಲಾಸ್ ಕ್ಯಾಥೆಡ್ರಲ್ ಸಿಗುತ್ತದೆ, ಒಂದು ಸುತ್ತು ಹಾಕಿ ಸಾಕು. ಸಮಯ ಉಳಿಸಬೇಕಾದದ್ದು ಇಲ್ಯಿನ್ ಬೀದಿಯ ಸ್ಪಾಸ್ ಚರ್ಚಿಗೆ. ಬೈಜಾಂಟಿಯಂನಿಂದ, ಅಂದರೆ ಪೂರ್ವದ ರೋಮನ್ ಸಾಮ್ರಾಜ್ಯದಿಂದ ಬಂದ ಚಿತ್ರಕಾರ ಫೆಯೊಫಾನ್ ಗ್ರೆಕ್ 1378ರಲ್ಲಿ ಇಲ್ಲಿ ಚಿತ್ರ ಬರೆದ. ಖಂಡಿತ ಅವನದೇ ಎನ್ನಬಹುದಾದ ಗೋಡೆಚಿತ್ರ ಉಳಿದಿರುವುದು ಇಲ್ಲಷ್ಟೇ. ಗುಮ್ಮಟದಲ್ಲಿ ಕ್ರಿಸ್ತ. ಮೇಲಿನ ಪುಟ್ಟ ಕೋಣೆಯಲ್ಲಿ ಮೂವರು ದೇವದೂತರು, ತಪಸ್ವಿಗಳು. ಬಣ್ಣ ಬಹಳ ಇಲ್ಲ, ಕಾವಿ ಮಣ್ಣಿನಂಥ ಕಂದು, ಅದರ ಮೇಲೆ ಬೀಸಿ ಎಳೆದ ಬಿಳಿ ಗೆರೆ. ಕೆನ್ನೆ, ಹುಬ್ಬು, ಬೆರಳ ತುದಿಗೆ ಒಂದೊಂದೇ ಎಳೆತ. ಮೂರು ಹೆಜ್ಜೆ ಹಿಂದೆ ಸರಿದರೆ ಮುಖ, ಹತ್ತಿರ ಹೋದರೆ ಬರೀ ಗೆರೆ. ಹಿಂದೆ ಮುಂದೆ ಓಡಾಡಿ ನೋಡಿ. ಗೆರೆಯಲ್ಲಿ ಅಷ್ಟು ಧೈರ್ಯ ಇರುವ ಚಿತ್ರ ನಾನು ಬೇರೆಲ್ಲೂ ನೋಡಿಲ್ಲ.

ಮಳೆಯ ಮಾತು ಇಲ್ಲಿಗೇ ಬಂತು. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಚಿತ್ರಕ್ಕೆ ಪೆಟ್ಟು ಅಂತ ಈ ಚರ್ಚನ್ನು ಮುಚ್ಚುವುದುಂಟು. ಬಾಗಿಲ ಮುಂದೆ ವಾದ ಮಾಡಬೇಡಿ. 1941ರಿಂದ 1944ರವರೆಗೆ ಜರ್ಮನ್ ಸೇನೆ ಈ ಊರನ್ನು ಹಿಡಿದುಕೊಂಡಿತ್ತು. ಊರ ಹೊರಗಿನ ನೆರೆದಿತ್ಸಾ ಚರ್ಚಿನ ಒಳಗೋಡೆಗಳ ತುಂಬ 12ನೇ ಶತಮಾನದ ಚಿತ್ರಗಳಿದ್ದವು. ಯುದ್ಧದಲ್ಲಿ ಬಹುಪಾಲು ಪುಡಿಯಾಯಿತು. ಉಳಿದ ಗೋಡೆಗಳನ್ನು ಊರಿನವರು ಅಷ್ಟು ಜೋಪಾನ ಮಾಡುವುದು ಅದಕ್ಕೇ. ಮೊದಲ ದಿನ ಮುಚ್ಚಿದ್ದರೆ ಮಾರನೆಯ ದಿನ ಮತ್ತೆ ಬನ್ನಿ. ಒಂದೊಂದು ಮ್ಯೂಸಿಯಂಗೆ ಒಂದೊಂದು ವಾರದ ರಜೆ, ಅದನ್ನೂ ಮೊದಲೇ ನೋಡಿಕೊಳ್ಳಿ. ಜೂನ್ ಒಳ್ಳೆಯದು, ರಾತ್ರಿ ಹತ್ತಕ್ಕೂ ಬೆಳಕಿರುತ್ತದೆ. ನದಿಯ ಗಾಳಿಗೆ ಒಂದು ಸ್ವೆಟರ್ ಇರಲಿ.

ಊಟಕ್ಕೆ ಅಣಬೆ ಅಥವಾ ಎಲೆಕೋಸು ತುಂಬಿದ ಪಿರೋಗ್ ಸಿಗುತ್ತದೆ. ಮಾಂಸ ತಿನ್ನದವರು 'ಪೋಸ್ತ್ನೊಯೆ' ಇದೆಯಾ ಅಂತ ಕೇಳಿ. ಅದು ಅವರ ಉಪವಾಸದ ಅಡುಗೆ, ಮಾಂಸ, ಹಾಲು, ಮೊಟ್ಟೆ ಹಾಕಿರುವುದಿಲ್ಲ. ಮೀನು ಹಾಕಿದ್ದಾರಾ ಅಂತ ಮಾತ್ರ ವಿಚಾರಿಸಿ.

ಎರಡನೇ ದಿನ ಸಿಟಿ ಬಸ್ ಹಿಡಿದು ದಕ್ಷಿಣಕ್ಕೆ ಯೂರಿಯೆವ್ ಮಠಕ್ಕೆ ಹೋಗಿ. ಅಲ್ಲಿನ ಸಂತ ಜಾರ್ಜ್ ಕ್ಯಾಥೆಡ್ರಲ್ಲಿನ ಕೆಲಸ ಶುರುವಾದದ್ದು 1119ರಲ್ಲಿ. ಹತ್ತಿರದಲ್ಲೇ ವಿತೊಸ್ಲಾವ್ಲಿತ್ಸಿ ಎಂಬ ಬಯಲು ಮ್ಯೂಸಿಯಂ ಇದೆ. ಸುತ್ತಲಿನ ಹಳ್ಳಿಗಳಿಂದ ತಂದು ನಿಲ್ಲಿಸಿದ ಮರದ ಚರ್ಚು, ಮನೆಗಳನ್ನು ನೋಡಬಹುದು. ಅರ್ಧ ದಿನ ಬೇಕು. ಹುಲ್ಲಿನ ಮೇಲೆ ನಡೆಯಬೇಕಾಗುತ್ತದೆ, ಗಟ್ಟಿ ಬೂಟು ಹಾಕಿಕೊಳ್ಳಿ.