ಹಿಟ್ಟು ತಿಗಣೆ ಉಜ್ಜುವ ಮೊದಲು ಕಡ್ಡಿ ಆಡಿಸಿ ನೋಡಿ

ದಾಸವಾಳ, ಸೀಬೆ ಗಿಡಕ್ಕೆ ಬಿಳಿ ಹಿಟ್ಟು ತಿಗಣೆ ಹತ್ತಿದ್ದರೆ ಎಲ್ಲವನ್ನೂ ಒಟ್ಟಿಗೆ ಉಜ್ಜಿಬಿಡಬೇಡಿ, ಮೊದಲು ಕಡ್ಡಿಯಿಂದ ಮೆಲ್ಲಗೆ ತಟ್ಟಿ. ಅಲ್ಲಾಡದೆ ಅಂಟಿಕೊಂಡಿದ್ದರೆ ತಿಗಣೆ. ಉದ್ದುದ್ದ ಬಿಳಿ ಎಳೆ ಹೊತ್ತುಕೊಂಡು ಸರಸರ ನಡೆದರೆ ಅದು ತಿಗಣೆಯನ್ನೇ ತಿನ್ನುವ ಗುಲಗಂಜಿ ಹುಳದ ಮರಿ, ಬಿಟ್ಟುಬಿಡಿ. ಹೆಸರು ಕ್ರಿಪ್ಟೋಲೇಮಸ್, 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತರಿಸಿದ್ದು. ಮರಿಯೂ ತಿಗಣೆಯ ಹಾಗೇ ಬಿಳಿ ಮೇಣದ ವೇಷ ಹಾಕಿರುವುದರಿಂದ ನಾವೇ ಕೈಯಾರೆ ಹಿಸುಕಿ ಸಾಯಿಸುವುದು ಹೆಚ್ಚು! ದೊಡ್ಡ ಹುಳಕ್ಕೆ ಚುಕ್ಕೆ ಇರೋದಿಲ್ಲ. ಕಪ್ಪು ಬೆನ್ನು, ಕಿತ್ತಳೆ ತಲೆ. ಮರಿ, ದೊಡ್ಡದು ಎರಡೂ ತಿಗಣೆಯನ್ನೂ ಅದರ ಹತ್ತಿಯಂಥ ಮೊಟ್ಟೆ ಚೀಲವನ್ನೂ ತಿನ್ನುತ್ತವೆ. ಆದರೆ ಇರುವೆ ಇದ್ದರೆ ಈ ಉಪಾಯ ನಡೆಯೋದಿಲ್ಲ: ತಿಗಣೆಯ ಸಿಹಿ ಅಂಟಿನ ಆಸೆಗೆ ಅವು ಕಾವಲು ನಿಂತು ಗುಲಗಂಜಿಯನ್ನು ಓಡಿಸುತ್ತವೆ. ಕಾಂಡಕ್ಕೆ ಟೇಪು ಸುತ್ತಿ, ಟೇಪಿನ ಮೇಲೆ ಮಾತ್ರ ಗ್ರೀಸ್ ಸವರಿ; ಗೋಡೆಗೆ ತಾಗುವ ಕೊಂಬೆ ಕತ್ತರಿಸಿ, ಇಲ್ಲವಾದರೆ ಇರುವೆ ಆ ಕಡೆಯಿಂದ ಹತ್ತುತ್ತೆ. ಮರಿ ಕಂಡ ಮೇಲೆ ಬೇವಿನೆಣ್ಣೆ, ಸೋಪಿನ ನೀರು ಸಿಂಪಡಿಸಬೇಡಿ, ಅವಕ್ಕೂ ತಾಗುತ್ತೆ. ಚಳಿ ಜಾಸ್ತಿಯಾದಾಗ ಇವುಗಳ ಕೆಲಸ ನಿಧಾನ. ಗಿಡದಲ್ಲಿ ನಾಲ್ಕೇ ತಿಗಣೆ ಇದ್ದರೆ ಒದ್ದೆ ಬಟ್ಟೆಯೇ ಸಾಕು.